ಲೆಕ್ಕದ ಕಡತ ಎಲ್ಲಿದೆ ಎಂದು ಅದರ ಒಡೆಯನಿಗೆ ಗೊತ್ತಿರಲಿ

2024ರ ಸೆಪ್ಟೆಂಬರ್ ಮೊದಲ ವಾರ ವಿಜಯವಾಡದ ಬುಡಮೇರು ಹಳ್ಳ ದಂಡೆ ಒಡೆದು ಅಜಿತ್ ಸಿಂಗ್ ನಗರ, ಪಾಯಕಾಪುರಂ ಕಡೆಯ ಬಡಾವಣೆಗಳಿಗೆ ನುಗ್ಗಿತು. ಅದೇ ದಿನಗಳಲ್ಲಿ ಕೃಷ್ಣೆಯೂ ಉಕ್ಕಿ ಪ್ರಕಾಶಂ ಬ್ಯಾರೇಜಿನಿಂದ 11 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಇಳಿಯುತ್ತಿತ್ತು. ನೆಲಮಹಡಿಯ ಮನೆ, ಅಂಗಡಿ, ಕಾರ್ಯಾಗಾರಗಳು ದಿನಗಟ್ಟಲೆ ನೀರಿನಲ್ಲೇ ನಿಂತವು. ಹಿಂದಿನ ತಲೆಮಾರಿನ ವರ್ತಕನಾಗಿದ್ದರೆ ಇಂಥ ಹೊತ್ತಿನಲ್ಲಿ ಗಲ್ಲಾಪೆಟ್ಟಿಗೆಯ ಜೊತೆಗೆ ಕೆಂಪು ಬಟ್ಟೆಯ ರಟ್ಟಿನ ಖಾತೆಪುಸ್ತಕವನ್ನೂ ಕಂಕುಳಲ್ಲಿ ಇಟ್ಟುಕೊಂಡು ಮಹಡಿ ಹತ್ತುತ್ತಿದ್ದ. ಯಾರು ಎಷ್ಟು ಕೊಡಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬುದೆಲ್ಲ ಅದರಲ್ಲಿತ್ತು, ಅದು ಎಲ್ಲಿದೆ ಎಂಬುದು ಕಣ್ಣುಮುಚ್ಚಿದರೂ ಅವನಿಗೆ ತಿಳಿದಿತ್ತು. ಇಂದು ಆ ಪುಸ್ತಕ ಕಂಪ್ಯೂಟರಿನೊಳಗೆ ಸೇರಿದೆ. ಬೆರಳಿನಷ್ಟು ಗಾತ್ರದ ಪೆನ್‌ಡ್ರೈವಿನಲ್ಲಿ ಹತ್ತು ವರ್ಷದ ಲೆಕ್ಕವನ್ನು ಜೇಬಿಗಿಳಿಸಬಹುದು. ಆದರೆ ಯಾವ ಫೋಲ್ಡರನ್ನು ನಕಲು ಮಾಡಿಕೊಳ್ಳಬೇಕು ಎಂದು ಕೇಳಿದರೆ ನಮ್ಮಲ್ಲಿ ಬಹುಪಾಲು ಜನರಿಗೆ ಉತ್ತರ ಗೊತ್ತಿರುವುದಿಲ್ಲ. ಈ ಅರಿವಿನ ಕೊರತೆಗೆ ವರ್ತಕನನ್ನು ದೂರುವುದು ತಪ್ಪು. ಅವನ ಕಣ್ಣಿಗೆ ಬೀಳದ ಜಾಗದಲ್ಲಿ ಅವನ ಕಡತವನ್ನು ಇರಿಸಿದವರು ತಂತ್ರಾಂಶ ಬರೆದವರು. ಮನುಷ್ಯ ದುಡಿದು ಸೃಷ್ಟಿಸಿದ್ದನ್ನು ತಂತ್ರಾಂಶವು ಅವನಿಗೆ ಕಾಣುವ, ಅವನು ಎತ್ತಿಕೊಂಡು ಹೋಗಬಲ್ಲ ಜಾಗದಲ್ಲೇ ಇಡಬೇಕು, ತನ್ನ ಅನುಕೂಲಕ್ಕೆ ಬರೆದುಕೊಂಡದ್ದನ್ನು ಮಾತ್ರ ಬೇರೆಡೆ ಇಟ್ಟುಕೊಳ್ಳಬೇಕು ಎಂಬುದು ನನ್ನ ವಾದ.

ಕಂಪ್ಯೂಟರಿನಲ್ಲಿ ಹಾಕಿಕೊಂಡ ಪ್ರತಿಯೊಂದು ತಂತ್ರಾಂಶವೂ ನಮ್ಮನ್ನು ಕೇಳದೆಯೇ ಹಲವು ಫೈಲುಗಳನ್ನು ಬರೆದಿಟ್ಟುಕೊಳ್ಳುತ್ತದೆ. ನಾವು ಆಯ್ದ ಅಕ್ಷರದ ಗಾತ್ರ, ಕೊನೆಗೆ ತೆರೆದ ಪುಟ, ಬೇಗ ತೋರಿಸಲೆಂದು ಉಳಿಸಿಕೊಂಡ ಚಿತ್ರಗಳ ತಾತ್ಕಾಲಿಕ ಪ್ರತಿ, ಕೆಲಸ ಕೆಟ್ಟಾಗ ಕಾರಣ ಹುಡುಕಲು ಬೇಕಾಗುವ ದಾಖಲೆ, ಜೊತೆಗೆ ನಾವೇ ಬರೆದ ಟಿಪ್ಪಣಿ, ಸೇರಿಸಿದ ಪದ, ಕಟ್ಟಿದ ಲೆಕ್ಕ. ವಿಂಡೋಸ್‌ನಲ್ಲಿ ಇವಕ್ಕೆ ಆಪ್‌ಡೇಟಾ ಎಂಬ ಫೋಲ್ಡರ್ ಇದೆ, ಅದರೊಳಗೆ ರೋಮಿಂಗ್, ಲೋಕಲ್, ಲೋಕಲ್‌ಲೋ ಎಂಬ ಮೂರು ಕವಲು. ಎಲ್ಲ ಬಳಕೆದಾರರಿಗೂ ಸಾಮಾನ್ಯವಾದದ್ದು ಪ್ರೋಗ್ರಾಂಡೇಟಾದಲ್ಲಿ. ಎರಡೂ ಮೊದಲಿನಿಂದಲೇ ಮರೆಯಲ್ಲಿರುವ ಫೋಲ್ಡರುಗಳು. ಆಪಲ್ ಕಂಪ್ಯೂಟರಿನಲ್ಲಿ ಇದೇ ಕೆಲಸದ ಲೈಬ್ರರಿ ಫೋಲ್ಡರ್ 2011ರಲ್ಲಿ ಬಂದ ಲಯನ್ ಆವೃತ್ತಿಯಿಂದ ಮರೆಯಾಯಿತು. ಲಿನಕ್ಸ್‌ನಲ್ಲಿ ಹೆಸರಿನ ಮುಂದೆ ಒಂದು ಚುಕ್ಕಿ ಇಟ್ಟರೆ ಸಾಕು, ಫೋಲ್ಡರ್ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಹೀಗೆ ಮೂರು ವ್ಯವಸ್ಥೆಗಳೂ ಒಂದು ಒಳಕೋಣೆಯನ್ನು ಕಟ್ಟಿಕೊಟ್ಟಿವೆ. ಆ ಕೋಣೆ ಇರುವುದರ ಬಗ್ಗೆ ನನ್ನ ತಕರಾರಿಲ್ಲ. ಅದರೊಳಗೆ ಏನನ್ನು ತುಂಬಲಾಗುತ್ತಿದೆ ಎಂಬುದೇ ಪ್ರಶ್ನೆ.

ಈ ಕೋಣೆ ಹುಟ್ಟಿದ್ದಕ್ಕೆ ಒಳ್ಳೆಯ ಕಾರಣವೇ ಇತ್ತು. ಡಾಸ್ ಕಾಲದಲ್ಲಿ ತಂತ್ರಾಂಶವೂ ಅದರ ದತ್ತಾಂಶವೂ ಸಿ ಡ್ರೈವಿನ ಒಂದೇ ಫೋಲ್ಡರಿನಲ್ಲಿ ಇರುತ್ತಿದ್ದವು. ಎಲ್ಲಿದೆ ಎಂದು ಹುಡುಕುವ ಕಷ್ಟವಿರಲಿಲ್ಲ, ಆದರೆ ಕಂಪ್ಯೂಟರ್ ಮುಟ್ಟಿದ ಯಾರು ಬೇಕಾದರೂ ತಂತ್ರಾಂಶವನ್ನೇ ತಿದ್ದಬಹುದಿತ್ತು, ವೈರಸ್ಸಿಗೂ ಅದು ರಾಜಮಾರ್ಗ. ಒಂದೇ ಯಂತ್ರವನ್ನು ನಾಲ್ಕು ಜನ ಬಳಸುವ ಕಚೇರಿಗಳಲ್ಲಿ ಒಬ್ಬನ ಕೆಲಸ ಇನ್ನೊಬ್ಬನಿಗೆ ಸಿಗಬಾರದೆಂಬ ಅಗತ್ಯವೂ ಬಂತು. ಆದ್ದರಿಂದ ತಂತ್ರಾಂಶ ಒಂದು ಕಡೆ, ಬಳಕೆದಾರನ ಫೈಲುಗಳು ಇನ್ನೊಂದು ಕಡೆ ಎಂದು ಬೇರ್ಪಡಿಸಿದ್ದು ಸರಿಯಾದ ಹೆಜ್ಜೆಯೇ. 2007ರಲ್ಲಿ ವಿಂಡೋಸ್ ವಿಸ್ತಾ ಇದನ್ನು ಕಟ್ಟುನಿಟ್ಟು ಮಾಡಿತು. ಆದರೆ ಹಳೆಯ ತಂತ್ರಾಂಶಗಳು ಕೆಟ್ಟು ನಿಲ್ಲಬಾರದೆಂದು ಅದು ಹೂಡಿದ ಉಪಾಯವನ್ನು ಗಮನಿಸಬೇಕು. ಹಳೆಯ ತಂತ್ರಾಂಶ ಪ್ರೋಗ್ರಾಂ ಫೈಲ್ಸ್‌ನಲ್ಲಿ ಬರೆಯಲು ಹೊರಟರೆ ವಿಂಡೋಸ್ ಅದನ್ನು ಸದ್ದಿಲ್ಲದೆ ಆಪ್‌ಡೇಟಾದೊಳಗಿನ ವರ್ಚುವಲ್‌ಸ್ಟೋರ್ ಎಂಬ ಜಾಗಕ್ಕೆ ತಿರುಗಿಸುತ್ತದೆ. ತಂತ್ರಾಂಶಕ್ಕೆ ತಾನು ಹಳೆಯ ಜಾಗದಲ್ಲೇ ಬರೆದೆನೆಂಬ ಭಾವನೆ. ಬಳಕೆದಾರ ಹಳೆಯ ಫೋಲ್ಡರ್ ತೆರೆದರೆ ಅಲ್ಲಿ ಮೊದಲ ದಿನದ ಖಾಲಿ ಕಡತ. ಅದೇ ಕಂಪ್ಯೂಟರಿಗೆ ಇನ್ನೊಬ್ಬರು ತಮ್ಮ ಹೆಸರಿನಲ್ಲಿ ಲಾಗಿನ್ ಆದರೆ ಅವರಿಗೆ ಕಾಣುವುದು ಬೇರೆಯೇ ಲೆಕ್ಕ. ಊರಿನ ಪ್ರೋಗ್ರಾಮರ್ ಬರೆದುಕೊಟ್ಟ ಬಿಲ್ಲಿಂಗ್, ಸ್ಟಾಕು, ಚೀಟಿ ಲೆಕ್ಕದ ತಂತ್ರಾಂಶಗಳು ವಿಶಾಖಪಟ್ಟಣದಿಂದ ಹುಬ್ಬಳ್ಳಿಯವರೆಗೆ ಸಣ್ಣ ವ್ಯಾಪಾರವನ್ನು ಹೊತ್ತು ನಡೆಸುತ್ತಿವೆ. ಹಳೆಯ ರೀತಿಯಲ್ಲಿ ಬರೆದ ಅಂಥ ತಂತ್ರಾಂಶದ ಬಳಕೆದಾರ ಪ್ರೋಗ್ರಾಂ ಫೈಲ್ಸ್‌ನಿಂದ ನಿಷ್ಠೆಯಿಂದ ಬ್ಯಾಕಪ್ ತೆಗೆದುಕೊಂಡರೂ ನಿಜವಾದ ದತ್ತಾಂಶ ಅದರಲ್ಲಿ ಇಲ್ಲದಿರುವ ಸಾಧ್ಯತೆ ಇದೆ. ಹೊಸ ಕಂಪ್ಯೂಟರಿಗೆ ಹೋದ ದಿನವೇ ಅದು ಗೊತ್ತಾಗುವುದು.

ಒಳಕೋಣೆಗೆ ಸೇರಬಾರದ್ದು ಸೇರಿದೆ ಎಂಬುದಕ್ಕೆ ದೊಡ್ಡ ಕಂಪನಿಗಳ ತಂತ್ರಾಂಶಗಳಲ್ಲೇ ಸಾಕ್ಷಿ ಇದೆ. ವಿಂಡೋಸ್ 7ರ ಸ್ಟಿಕಿ ನೋಟ್ಸ್ ಟಿಪ್ಪಣಿಗಳು ಆಪ್‌ಡೇಟಾದ ರೋಮಿಂಗ್ ಕವಲಿನಲ್ಲಿದ್ದವು. ವಿಂಡೋಸ್ 10ರಲ್ಲಿ ಅವು ಲೋಕಲ್ ಕವಲಿಗೆ, ಉಚ್ಚರಿಸಲೂ ಆಗದಷ್ಟು ಉದ್ದದ ಹೆಸರಿನ ಫೋಲ್ಡರಿನೊಳಗೆ ಪ್ಲಮ್ ಎಂಬ ಹೆಸರಿನ ಡೇಟಾಬೇಸಿಗೆ ಹೋದವು. ಪರದೆಯ ಮೇಲೆ ಹಳದಿ ಚೀಟಿಯಾಗಿ ಸದಾ ಕಣ್ಣೆದುರಿಗಿರುವ ವಸ್ತುವಿನ ಮೂಲ ಎಲ್ಲಿದೆ ಎಂದು ಊಹಿಸುವ ದಾರಿಯೇ ಇಲ್ಲ. ಔಟ್‌ಲುಕ್‌ನದು ಇನ್ನೂ ಪಾಠವಾಗುವ ಕತೆ. ಅದರ ಹಳೆಯ ಆವೃತ್ತಿಗಳು ಬಳಕೆದಾರನ ವರ್ಷಗಟ್ಟಲೆಯ ಇಮೇಲ್ ತುಂಬಿದ ಪಿಎಸ್‌ಟಿ ಕಡತವನ್ನು ಮರೆಯ ಫೋಲ್ಡರಿನಲ್ಲೇ ಇಡುತ್ತಿದ್ದವು. 2010ರ ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ಡಾಕ್ಯುಮೆಂಟ್ಸ್‌ನೊಳಗೆ, ಔಟ್‌ಲುಕ್ ಫೈಲ್ಸ್ ಎಂಬ ಕಾಣುವ ಜಾಗಕ್ಕೆ ತಂದಿತು. ಕಡತ ಯಾರದು ಎಂಬ ಪ್ರಶ್ನೆಗೆ ಕಂಪನಿಯೇ ತನ್ನ ಮೊದಲಿನ ಉತ್ತರವನ್ನು ತಿದ್ದಿಕೊಂಡಿತು ಎಂದೇ ನಾನು ಇದನ್ನು ಓದುತ್ತೇನೆ. ಅತ್ತ ಆಪಲ್ ಕ್ಯಾಶ್ ಎನ್ನುವ ತಾತ್ಕಾಲಿಕ ಪ್ರತಿಗಳಿಗೆ ಪ್ರತ್ಯೇಕ ಫೋಲ್ಡರ್ ಗೊತ್ತುಮಾಡಿ, ಟೈಮ್ ಮಷೀನ್ ಬ್ಯಾಕಪ್‌ನಲ್ಲಿ ಅದನ್ನು ಬಿಟ್ಟುಬಿಡುತ್ತದೆ. ಲಿನಕ್ಸ್ ಜಗತ್ತಿನಲ್ಲಿ 2003ರಿಂದ ಇರುವ ಎಕ್ಸ್‌ಡಿಜಿ ನಿಯಮ ಆಯ್ಕೆಗಳಿಗೆ ಒಂದು, ದತ್ತಾಂಶಕ್ಕೆ ಒಂದು, ಕ್ಯಾಶ್‌ಗೆ ಒಂದು ಜಾಗ ಹೇಳಿತು. 2021ರಲ್ಲಿ ಕೊನೆಗೆ ತೆರೆದದ್ದೇನು ಎಂಬಂಥ ನೆನಪುಗಳಿಗೆಂದೇ ಮತ್ತೊಂದನ್ನು ಸೇರಿಸಿತು. ಯಾವುದನ್ನು ಕಳೆದುಕೊಂಡರೂ ಮತ್ತೆ ಹುಟ್ಟಿಸಬಹುದು, ಯಾವುದನ್ನು ಕಳೆದುಕೊಂಡರೆ ಬದುಕೇ ಹಿಂದೆ ಬೀಳುತ್ತದೆ ಎಂಬ ವಿವೇಚನೆ ಈ ವಿಂಗಡಣೆಯ ಜೀವಾಳ.

ಆ ವಿವೇಚನೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಮದುವೆ ವಿಡಿಯೊ ಸಂಕಲನಕಾರರ ಕಂಪ್ಯೂಟರ್ ನೋಡಬೇಕು. ಆಂಧ್ರದ ಮದುವೆಗಳು ದಿನಗಟ್ಟಲೆ ನಡೆಯುತ್ತವೆ, ಮುಹೂರ್ತದ ತಿಂಗಳುಗಳಲ್ಲಿ ವಿಜಯವಾಡ, ವಿಶಾಖಪಟ್ಟಣಗಳ ಸ್ಟುಡಿಯೊಗಳಿಗೆ ಬಿಡುವಿಲ್ಲ. ಈ ಕೆಲಸಕ್ಕೆ ಹೆಸರಾದ ಅಡೋಬಿ ಪ್ರೀಮಿಯರ್ ಪ್ರೊ, ಬದಲಿಸದಿದ್ದರೆ, ತನ್ನ ಮೀಡಿಯಾ ಕ್ಯಾಶ್ ಅನ್ನು ಆಪ್‌ಡೇಟಾದ ರೋಮಿಂಗ್ ಕವಲಿನಲ್ಲಿ ಬರೆಯುತ್ತದೆ. ರೋಮಿಂಗ್ ಎಂದರೆ ಕಚೇರಿಯ ಜಾಲದಲ್ಲಿ ಬಳಕೆದಾರನ ಜೊತೆಗೆ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹಿಂಬಾಲಿಸಿ ಬರಲೆಂದು ಮಾಡಿದ ಜಾಗ, ಅಲ್ಲಿ ಹಗುರವಾದ ಆಯ್ಕೆಗಳಷ್ಟೇ ಇರಬೇಕು. ಯಾವಾಗ ಬೇಕಾದರೂ ಮತ್ತೆ ತಯಾರಿಸಬಹುದಾದ ಗಿಗಾಬೈಟುಗಟ್ಟಲೆ ಸಾಮಗ್ರಿಗೆ ಅಲ್ಲೇನು ಕೆಲಸ? ಸಿ ಡ್ರೈವ್ ತುಂಬಿ ಕಂಪ್ಯೂಟರ್ ಮುಗ್ಗರಿಸಿದಾಗ ಜನ ಏನನ್ನು ಅಳಿಸಬೇಕೆಂದು ತಿಳಿಯದೆ ಕಣ್ಣಿಗೆ ಕಾಣುವ ವಿಡಿಯೊಗಳನ್ನೇ ಅಳಿಸುತ್ತಾರೆ. ಇನ್ನು ತಂತ್ರಾಂಶವೇ ಅಳಿಸಲು ಹೊರಟರೆ? ಇದೇ ತಂತ್ರಾಂಶದ ವಿರುದ್ಧ 2018ರ ನವೆಂಬರಿನಲ್ಲಿ ಅಮೆರಿಕದ ವಿಡಿಯೊ ಛಾಯಾಗ್ರಾಹಕರೊಬ್ಬರು ಹೂಡಿದ ಮೊಕದ್ದಮೆ ಇಲ್ಲಿ ನೆನಪಿಗೆ ಬರಬೇಕು. ಅವರು ಕ್ಯಾಶ್‌ನ ಜಾಗವನ್ನು ಹೊರಗಿನ ಡ್ರೈವಿನಲ್ಲಿದ್ದ ತಮ್ಮ ವಿಡಿಯೊ ಫೋಲ್ಡರಿಗೆ ಬದಲಿಸಿಕೊಂಡಿದ್ದರು. ಕ್ಯಾಶ್ ಖಾಲಿ ಮಾಡು ಎಂದಾಗ 11.1 ಆವೃತ್ತಿ ತಾನು ಬರೆದ ಫೈಲುಗಳ ಜೊತೆಗೆ ಆ ಫೋಲ್ಡರಿನಲ್ಲಿದ್ದ ಅವರ ಮೂಲ ಚಿತ್ರೀಕರಣವನ್ನೂ ಅಳಿಸಿತು ಎಂಬುದು ದೂರು, ನಷ್ಟ ಎರಡೂವರೆ ಲಕ್ಷ ಡಾಲರ್ ಎಂಬುದು ಅವರ ಲೆಕ್ಕ. ಮುಂದಿನ 11.1.1 ಆವೃತ್ತಿಯಲ್ಲಿ ಕಂಪನಿ ಆ ನಡವಳಿಕೆಯನ್ನು ತಿದ್ದಿತು. ಮದುವೆ ಎರಡನೇ ಸಲ ನಡೆಯುವುದಿಲ್ಲ. ಕಳೆದುಹೋದ ತಾಳಿ ಕಟ್ಟುವ ದೃಶ್ಯಕ್ಕೆ ಯಾವ ಆವೃತ್ತಿಯೂ ಪರಿಹಾರ ಕೊಡಲಾರದು.

ಇದು ಒಂದು ಕಂಪನಿಯ ಎಡವಟ್ಟು ಎಂದು ಬಿಟ್ಟುಬಿಡುವಂತಿಲ್ಲ. 2007ರ ಡಿಸೆಂಬರಿನಲ್ಲಿ ಈವ್ ಆನ್‌ಲೈನ್ ಎಂಬ ಐಸ್‌ಲೆಂಡಿನ ಆಟದ ಹೊಸ ಆವೃತ್ತಿ ತನ್ನದೇ ಹಳೆಯ ಫೈಲೊಂದನ್ನು ತೆಗೆಯಲು ಹೋಗಿ, ಅದೇ ಹೆಸರಿನ ವಿಂಡೋಸ್ ಎಕ್ಸ್‌ಪಿಯ ಬೂಟ್ ಫೈಲನ್ನು ಅಳಿಸಿಹಾಕಿತು. ಆಡಲು ಕುಳಿತವರ ಕಂಪ್ಯೂಟರುಗಳು ಏಳಲೇ ಇಲ್ಲ. 2015ರ ಜನವರಿಯಲ್ಲಿ ಲಿನಕ್ಸ್‌ನಲ್ಲಿ ಸ್ಟೀಮ್ ಎಂಬ ಆಟಗಳ ತಂತ್ರಾಂಶದ ಫೋಲ್ಡರನ್ನು ಬೇರೆಡೆ ಸರಿಸಿದ್ದ ಬಳಕೆದಾರರೊಬ್ಬರಿಗೆ ಅವರ ಎಲ್ಲ ಫೈಲುಗಳೂ, ಸಿಕ್ಕಿಸಿದ್ದ ಬ್ಯಾಕಪ್ ಡ್ರೈವಿನವು ಸಹಿತ, ಹೋದವು. ಫೋಲ್ಡರಿನ ವಿಳಾಸ ಖಾಲಿ ಇದ್ದಾಗಲೂ ಅದರಡಿಯ ಎಲ್ಲವನ್ನೂ ಅಳಿಸು ಎಂದು ಅದರ ಸ್ಕ್ರಿಪ್ಟಿನ ಒಂದು ಸಾಲು ಹೇಳುತ್ತಿತ್ತು. 2018ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಅಪ್‌ಡೇಟೊಂದು ಡಾಕ್ಯುಮೆಂಟ್ಸ್‌ನಂಥ ಫೋಲ್ಡರುಗಳನ್ನು ಬೇರೆ ಡ್ರೈವಿಗೆ ಸರಿಸಿಕೊಂಡಿದ್ದ ಕೆಲವರ ಹಳೆಯ ಫೋಲ್ಡರನ್ನು ಬೇಡದ ನಕಲೆಂದು ತೆಗೆದುಹಾಕಿತು, ಅದರಲ್ಲಿ ಉಳಿದಿದ್ದ ಫೈಲುಗಳೂ ಅದರೊಂದಿಗೆ ಹೋದವು. ಮೈಕ್ರೋಸಾಫ್ಟ್ ಅಪ್‌ಡೇಟನ್ನೇ ತಡೆಹಿಡಿಯಬೇಕಾಯಿತು. ನಾಲ್ಕೂ ಪ್ರಕರಣಗಳ ಬೇರು ಒಂದೇ: ಈ ಫೋಲ್ಡರಿನಲ್ಲಿ ಇರುವುದೆಲ್ಲ ನನ್ನದೇ ಎಂದು ತಂತ್ರಾಂಶ ಅಂದುಕೊಂಡಿತು. ತಾನು ಬರೆದ ಫೈಲುಗಳ ಪಟ್ಟಿ ಇಟ್ಟುಕೊಂಡು, ಅಷ್ಟನ್ನು ಮಾತ್ರ ಮುಟ್ಟುವ ಶಿಸ್ತು ಇದ್ದಿದ್ದರೆ ಇವುಗಳಲ್ಲಿ ಒಂದೂ ಆಗುತ್ತಿರಲಿಲ್ಲ.

ಭಾರತೀಯ ಭಾಷೆಗಳಲ್ಲಿ ಕೆಲಸ ಮಾಡುವವರಿಗೆ ಈ ಸಮಸ್ಯೆಗೆ ಇನ್ನೊಂದು ಮುಖವಿದೆ, ಕನ್ನಡ ಓದುಗರು ಇದನ್ನು ಬೇಗ ಗುರುತಿಸುತ್ತಾರೆ. ವಿಜಯವಾಡ ತೆಲುಗು ಪ್ರಕಾಶನದ ದೊಡ್ಡ ನೆಲೆ. ಏಲೂರು ರಸ್ತೆಯ ಪುಸ್ತಕದಂಗಡಿಗಳು, ವಿಶಾಲಾಂಧ್ರದಂಥ ಪ್ರಕಾಶನ ಸಂಸ್ಥೆಗಳು, ವರ್ಷಕ್ಕೊಮ್ಮೆ ನಡೆಯುವ ಪುಸ್ತಕೋತ್ಸವ ಆ ಊರಿನ ಹೆಮ್ಮೆ. ವಿಶಾಖಪಟ್ಟಣದಲ್ಲಿ 1974ರ ಆಗಸ್ಟ್ 10ರಂದು ಈನಾಡು ಪತ್ರಿಕೆ ಹುಟ್ಟಿತು. ಈ ಮುದ್ರಣಲೋಕದ ಡಿಟಿಪಿ ಕೆಲಸ ಬಹುಕಾಲ ಪೇಜ್‌ಮೇಕರ್ ಮತ್ತು ಅನು ಫಾಂಟುಗಳ ಮೇಲೆ ನಡೆಯಿತು, ನಮ್ಮಲ್ಲಿ ನುಡಿ, ಬರಹ, ಶ್ರೀಲಿಪಿಗಳ ಮೇಲೆ ನಡೆದಂತೆ. ಯುನಿಕೋಡ್‌ಗೆ ಮುಂಚಿನ ಈ ಪದ್ಧತಿಯಲ್ಲಿ ಅಕ್ಷರದ ಗುರುತು ಫೈಲಿನಲ್ಲಿ ಇರುವುದಿಲ್ಲ, ಫಾಂಟಿನಲ್ಲಿ ಇರುತ್ತದೆ. ಫಾಂಟು ವಿಂಡೋಸಿನ ಫಾಂಟ್ ಫೋಲ್ಡರಿನಲ್ಲಿ, ಕೀಲಿಮಣೆಯ ವಿನ್ಯಾಸ ಮತ್ತೊಂದರಲ್ಲಿ, ಪುಸ್ತಕದ ಫೈಲು ಇನ್ನೊಂದು ಕಡೆ. ಪುಸ್ತಕದ ಫೈಲನ್ನು ಜೋಪಾನವಾಗಿ ಸಿಡಿಗೆ ಬರೆದಿಟ್ಟ ಪ್ರಕಾಶಕ ಹದಿನೈದು ವರ್ಷದ ಮೇಲೆ ಮರುಮುದ್ರಣಕ್ಕೆ ಅದನ್ನು ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಕೃತಿಯನ್ನು ಉಳಿಸಿಕೊಂಡರೂ ಅದನ್ನು ಓದಿಸುವ ಪೋಷಕ ಫೈಲುಗಳು ಕೈತಪ್ಪಿದವು. ಪೋಷಕ ಫೈಲೆಂದರೆ ಚಿಲ್ಲರೆ ವಿಷಯ, ಅಳಿದರೆ ಮತ್ತೆ ಬರುತ್ತದೆ ಎಂಬ ನಂಬಿಕೆ ನಮ್ಮ ಭಾಷೆಗಳ ಮಟ್ಟಿಗೆ ದುಬಾರಿಯಾಗಿದೆ. ಆ ಕೃತಿಗಳನ್ನು ಮತ್ತೆ ಟೈಪು ಮಾಡಿಸಲು, ಪರಿವರ್ತಿಸಲು, ಕರಡು ತಿದ್ದಲು ಹೋಗುತ್ತಿರುವ ದುಡಿಮೆಯೇ ಅದರ ಬೆಲೆ.

ಯುನಿಕೋಡ್ ಬಂದ ಮೇಲೆ ಅಕ್ಷರದ ತೊಡಕು ತಗ್ಗಿತು, ಆದರೆ ಹೊಸದೊಂದು ಸಂಪತ್ತು ಒಳಕೋಣೆ ಸೇರಿತು. ವರ್ಡ್‌ನಲ್ಲಿ ಅಥವಾ ಲಿಬ್ರೆಆಫೀಸ್‌ನಲ್ಲಿ ಕನ್ನಡವನ್ನೋ ತೆಲುಗನ್ನೋ ಬರೆಯುವವರು ಕೆಂಪು ಗೆರೆ ಬಿದ್ದ ಸರಿಯಾದ ಪದಗಳನ್ನು ಒಂದೊಂದಾಗಿ ನಿಘಂಟಿಗೆ ಸೇರಿಸುತ್ತ ಹೋಗುತ್ತಾರೆ. ಇಂಗ್ಲಿಷಿನವರಿಗೆ ಇದು ಅಪರೂಪದ ಕೆಲಸ. ವಿಭಕ್ತಿ, ಸಂಧಿ, ಸಮಾಸಗಳಿಂದ ಒಂದು ಪದ ನೂರು ರೂಪ ತಳೆಯುವ ನಮ್ಮ ಭಾಷೆಗಳಲ್ಲಿ ಇದು ದಿನನಿತ್ಯದ್ದು. ಕರಡು ತಿದ್ದುವ ಅನುಭವಿಯೊಬ್ಬರ ಸ್ವಂತ ನಿಘಂಟಿನಲ್ಲಿ ಊರುಗಳ ಹೆಸರು, ಕಾನೂನಿನ ಪದ, ಬೇಸಾಯದ ಮಾತು ಎಲ್ಲ ಸೇರಿ ವರ್ಷಗಳ ದುಡಿಮೆ ಅಡಗಿರುತ್ತದೆ. ಅದು ಇರುವುದು ಎಲ್ಲಿ? ಎರಡೂ ತಂತ್ರಾಂಶಗಳಲ್ಲಿ ಆಪ್‌ಡೇಟಾದ ರೋಮಿಂಗ್‌ನೊಳಗೆ, ನಾಲ್ಕಾರು ಮೆಟ್ಟಿಲು ಕೆಳಗೆ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವ ತಂತ್ರಜ್ಞ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡನ್ನು ನಕಲು ಮಾಡಿಟ್ಟು ಉಳಿದದ್ದನ್ನು ಒರೆಸಿದರೆ ಆ ಪದಕೋಶ ಹೋಯಿತು. ಬರಿಯ ಪಠ್ಯದ ಫೈಲದು, ಕೆಲವು ಕಿಲೋಬೈಟುಗಳಷ್ಟೇ. ಡಾಕ್ಯುಮೆಂಟ್ಸ್‌ನಲ್ಲಿ "ನನ್ನ ಪದಗಳು" ಎಂಬ ಹೆಸರಿನಲ್ಲಿ ಇಟ್ಟಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ.

ಲೆಕ್ಕಪತ್ರದ ವಿಷಯದಲ್ಲಿ ಕಾನೂನೂ ಈ ವಾದದ ಬೆನ್ನಿಗಿದೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಂ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ಲೆಕ್ಕವನ್ನು ಕಾಪಾಡಬೇಕು. ಕಂಪನಿಗಳಿಗೆ ಎಂಟು ವರ್ಷ. 2022ರ ಆಗಸ್ಟಿನ ತಿದ್ದುಪಡಿಯ ನಂತರ ಕಂಪನಿಗಳು ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದಲ್ಲೇ ಇರುವ ಸರ್ವರಿನಲ್ಲಿ ಪ್ರತಿದಿನ ಇಡಬೇಕು. ಕಾಪಾಡುವ ಹೊಣೆಯನ್ನು ಸರ್ಕಾರ ವರ್ತಕನ ಮೇಲೆ ಹೊರಿಸಿದೆ, ಆದರೆ ಕಾಪಾಡಬೇಕಾದ ವಸ್ತು ಎಲ್ಲಿದೆ ಎಂದು ತೋರಿಸುವ ಹೊಣೆಯನ್ನು ತಂತ್ರಾಂಶ ಮಾರುವವನ ಮೇಲೆ ಹೊರಿಸಿಲ್ಲ. ಇದು ಅಸಾಧ್ಯದ ಮಾತೂ ಅಲ್ಲ. ನಮ್ಮ ಬೆಂಗಳೂರಿನದೇ ಆದ ಟ್ಯಾಲಿಯನ್ನು ನೋಡಿ. ತಂತ್ರಾಂಶ ಒಂದು ಕಡೆ, ದತ್ತಾಂಶದ ಫೋಲ್ಡರ್ ಇನ್ನೊಂದು ಕಡೆ ಎಂದು ಅದು ಅಳವಡಿಸುವಾಗಲೇ ಬೇರ್ಪಡಿಸುತ್ತದೆ. ಕಂಪನಿ ಆಯ್ದುಕೊಳ್ಳುವ ಪರದೆಯಲ್ಲಿ ದತ್ತಾಂಶದ ಹಾದಿ ಕಣ್ಣೆದುರೇ ಇರುತ್ತದೆ, ಬೇಕಾದರೆ ಬದಲಿಸಲೂಬಹುದು, ಬ್ಯಾಕಪ್ ಎಂಬ ಆಯ್ಕೆ ಮೆನುವಿನಲ್ಲೇ ಇದೆ. ವಿಜಯವಾಡದ ಆಟೋನಗರದ ಬಿಡಿಭಾಗದ ವ್ಯಾಪಾರಿಯ ಲೆಕ್ಕ ಬರೆಯುವವರು ಯಾವ ಎಂಜಿನಿಯರಿಂಗ್ ಪದವಿಯೂ ಇಲ್ಲದೆ ಪೆನ್‌ಡ್ರೈವಿಗೆ ಬ್ಯಾಕಪ್ ತೆಗೆಯಬಲ್ಲರು ಎಂದರೆ ಅದಕ್ಕೆ ಈ ಕಾಣುವ ಹಾದಿಯೇ ಕಾರಣ. ಇಮೇಲಿನ ಥಂಡರ್‌ಬರ್ಡ್ ತಂತ್ರಾಂಶ ತನ್ನ ಫೋಲ್ಡರನ್ನು ಮರೆಯಲ್ಲೇ ಇಟ್ಟರೂ, ಸಹಾಯದ ಮೆನುವಿನೊಳಗಿನ ಗುಂಡಿಯೊಂದನ್ನು ಒತ್ತಿದರೆ ನೇರ ಆ ಫೋಲ್ಡರನ್ನೇ ತೆರೆದು ತೋರಿಸುತ್ತದೆ. ಮರೆಯಲ್ಲಿಡಲೇಬೇಕಾದ ಕಾರಣವಿದ್ದರೆ ಕನಿಷ್ಠ ಇಷ್ಟಾದರೂ ಇರಲೇಬೇಕು.

ಇದಕ್ಕೆ ತಂತ್ರಜ್ಞರಿಂದ ಬರುವ ಮೊದಲ ಆಕ್ಷೇಪ, ಕಾಣುವಂತೆ ಇಟ್ಟರೆ ಜನ ಕೈಯಾಡಿಸಿ ಕೆಡಿಸುತ್ತಾರೆ ಎಂಬುದು. ಇದರಲ್ಲಿ ಹುರುಳಿದೆ. ಡೇಟಾಬೇಸ್ ತೆರೆದಿರುವಾಗಲೇ ಅದರ ಅರ್ಧ ಫೈಲನ್ನು ನಕಲು ಮಾಡಿದರೆ ಆ ನಕಲು ಕೆಲಸಕ್ಕೆ ಬಾರದು. ಡಾಕ್ಯುಮೆಂಟ್ಸ್‌ಗೆ ಬಂದ ಔಟ್‌ಲುಕ್‌ನ ಪಿಎಸ್‌ಟಿ ಕಡತವೇ ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆಯಾದ ಒನ್‌ಡ್ರೈವ್‌ನ ನಿರಂತರ ಸಿಂಕ್‌ಗೆ ಸಿಕ್ಕಿ ತೊಂದರೆ ಕೊಟ್ಟದ್ದುಂಟು. ಆದರೆ ಈ ಮಾತಿನಿಂದ ಹೊರಡುವ ತೀರ್ಮಾನ ಬೇರೆ. ಒಳಗಿನ ಡೇಟಾಬೇಸ್ ಮರೆಯಲ್ಲೇ ಇರಲಿ, ಅದರ ಮುಚ್ಚಿದ, ಪೂರ್ತಿಯಾದ ಪ್ರತಿಯೊಂದನ್ನು ತಂತ್ರಾಂಶವೇ ಕಾಲಕಾಲಕ್ಕೆ ಕಾಣುವ ಫೋಲ್ಡರಿನಲ್ಲಿ, ದಿನಾಂಕ ಸಹಿತ ಬರೆದಿಡಲಿ. ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಆಟಗಳು, ಪ್ರಿಂಟರ್ ತಂತ್ರಾಂಶಗಳು ತಮ್ಮ ಹೆಸರಿನ ಕಸ ತುಂಬಿ ನಮ್ಮ ಫೈಲು ಹುಡುಕುವುದನ್ನೇ ಕಷ್ಟ ಮಾಡಿರುವುದೂ ನಿಜ, ಅದು ಈ ತಪ್ಪಿನದೇ ಇನ್ನೊಂದು ಮಗ್ಗುಲು. ಮನುಷ್ಯನ ದುಡಿಮೆ ಮರೆಗೆ ಹೋಗಬಾರದು, ಯಂತ್ರದ ಟಿಪ್ಪಣಿ ಅಂಗಳಕ್ಕೆ ಬರಬಾರದು. ಬಳಕೆದಾರ ಕೆಡಿಸುತ್ತಾನೆಂಬ ಭಯಕ್ಕೆ ಅವನ ಆಸ್ತಿಯನ್ನೇ ಅವನಿಂದ ಬಚ್ಚಿಡುವುದನ್ನು ಒಪ್ಪಲಾಗದು.

ಎರಡನೆಯ ಆಕ್ಷೇಪ ಹೆಚ್ಚು ಜನಪ್ರಿಯ: ಎಲ್ಲವೂ ಕ್ಲೌಡಿಗೆ ಹೋಗುತ್ತಿರುವಾಗ ಮೇಜಿನ ಮೇಲಿನ ಕಂಪ್ಯೂಟರಿನ ಫೋಲ್ಡರುಗಳ ಚರ್ಚೆ ಏಕೆ? ವಿಶಾಖಪಟ್ಟಣವೇ ಇದಕ್ಕೆ ನಿದರ್ಶನವಾಗಿ ಎದುರು ನಿಲ್ಲುತ್ತದೆ. 2025ರ ಅಕ್ಟೋಬರ್ 14ರಂದು ಗೂಗಲ್ ಅಲ್ಲಿ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಹೂಡಿ ಬೃಹತ್ ದತ್ತಾಂಶ ಕೇಂದ್ರ ಕಟ್ಟುವುದಾಗಿ ಪ್ರಕಟಿಸಿತು. ಆಂಧ್ರ ಸರ್ಕಾರ ಅದೇ ವರ್ಷದ ಜನವರಿಯಿಂದ ಮನ ಮಿತ್ರ ಎಂಬ ವಾಟ್ಸ್ಆ್ಯಪ್ ಸೇವೆಯಲ್ಲಿ ಪ್ರಮಾಣಪತ್ರ, ಬಿಲ್ ಪಾವತಿಗಳನ್ನು ಜನರ ಮೊಬೈಲಿಗೆ ತಂದಿದೆ. ಒಳ್ಳೆಯದೇ. ಆದರೆ ಅದೇ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಭದ್ರತಾ ಬೆಂಬಲ ಮುಗಿಯಿತು. ಹಳೆಯ ಯಂತ್ರ ಬಿಟ್ಟು ಹೊಸದಕ್ಕೆ ಹೋಗುವ ಒತ್ತಡ ಬಿದ್ದದ್ದು ಅಂದಿನಿಂದ, ಹಾಗೆ ಹೋಗುವವರು ಎತ್ತಿಕೊಂಡು ಹೋಗಬೇಕಾದದ್ದು ಇದೇ ಫೋಲ್ಡರುಗಳನ್ನು. ಅದಕ್ಕೆ ಕ್ಲೌಡ್ ನೆರವಾಗುತ್ತದೆಯೇ? ಒನ್‌ಡ್ರೈವ್‌ನ ಫೋಲ್ಡರ್ ಬ್ಯಾಕಪ್ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್, ವಿಡಿಯೋಸ್‌ಗಳನ್ನು ಕಾಯುತ್ತದೆ. ಆಪ್‌ಡೇಟಾವನ್ನು ಕಾಯುವುದಿಲ್ಲ. ಕ್ಲೌಡ್ ಇದ್ದಷ್ಟೂ ಒಳಕೋಣೆಯಲ್ಲಿ ಸಿಕ್ಕಿಕೊಂಡ ಫೈಲಿಗೆ ಅಪಾಯ ಹೆಚ್ಚು, ಏಕೆಂದರೆ ಎಲ್ಲವೂ ಸುರಕ್ಷಿತ ಎಂದು ನಂಬಿ ಜನ ಕೈಯಾರೆ ನಕಲು ಮಾಡುವುದನ್ನು ಬಿಟ್ಟಿರುತ್ತಾರೆ. ಇನ್ನು ಸಂಪರ್ಕದ ಮಾತು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಗಂಟೆಗೆ ಸುಮಾರು 180 ಕಿಲೋಮೀಟರ್ ವೇಗದ ಗಾಳಿಯೊಂದಿಗೆ ವಿಶಾಖಪಟ್ಟಣಕ್ಕೆ ಅಪ್ಪಳಿಸಿದಾಗ ಕರೆಂಟು, ಫೋನು, ಇಂಟರ್ನೆಟ್ ದಿನಗಟ್ಟಲೆ ಇರಲಿಲ್ಲ. ಅಂಥ ಹೊತ್ತಿನಲ್ಲಿ ಕೂಲಿಯವರಿಗೆ ಬಟವಾಡೆ ಮಾಡಬೇಕಾದ ಗುತ್ತಿಗೆದಾರನಿಗೆ, ವಿಮೆಗೆ ಸ್ಟಾಕಿನ ಪಟ್ಟಿ ಕೊಡಬೇಕಾದ ಗೋದಾಮಿನವನಿಗೆ ಕೈಯಲ್ಲಿರುವ ಪ್ರತಿಯೇ ಪ್ರತಿ. ಕರಾವಳಿಯ ಊರುಗಳು ಕ್ಲೌಡನ್ನು ಎರಡನೆಯ ಪ್ರತಿಯಾಗಿ ಇಟ್ಟುಕೊಳ್ಳಲಿ, ಮೊದಲನೆಯದು ತಮ್ಮ ಬಳಿಯೇ ಇರಬೇಕು.

ಸಣ್ಣ ತಂತ್ರಾಂಶಗಾರರಿಗೆ ಇದೆಲ್ಲ ಹೊರೆಯಾಗುತ್ತದೆ ಎಂಬ ಮಾತೂ ಇದೆ. ನಾನು ಒಪ್ಪುವುದಿಲ್ಲ. ಯಾವ ಬಗೆಯ ಫೈಲು ಎಲ್ಲಿರಬೇಕು ಎಂದು ಕೇಳಿದರೆ ಸರಿಯಾದ ವಿಳಾಸ ಕೊಡುವ ಸೌಲಭ್ಯ ವಿಂಡೋಸ್, ಮ್ಯಾಕ್‌ಗಳಲ್ಲಿ ಸಿದ್ಧವಾಗಿದೆ. ಕ್ಯೂಟಿ, ಎಲೆಕ್ಟ್ರಾನ್‌ನಂಥ ಚೌಕಟ್ಟುಗಳಲ್ಲಿ ಅದು ಒಂದು ಸಾಲಿನ ಕೆಲಸ. ಕಷ್ಟ ಇರುವುದು ಸಾಲು ಬರೆಯುವುದರಲ್ಲಿ ಅಲ್ಲ, ಮೊದಲೇ ಕೂತು ವಿಂಗಡಿಸಿ ಯೋಚಿಸುವುದರಲ್ಲಿ. ಎಲೆಕ್ಟ್ರಾನ್ ಆಧಾರದ ತಂತ್ರಾಂಶಗಳಲ್ಲಿ ಏನೂ ಹೇಳದಿದ್ದರೆ ಬಳಕೆದಾರನ ಆಯ್ಕೆಗಳೂ ಬ್ರೌಸರಿನ ಕ್ಯಾಶ್ ರಾಶಿಯೂ ಒಂದೇ ಫೋಲ್ಡರಿಗೆ ಬೀಳುತ್ತವೆ, ಬೇರ್ಪಡಿಸುವ ಸೌಕರ್ಯ ಕೊಟ್ಟಿದ್ದರೂ ಅದನ್ನು ಬಳಸುವವರು ಬಳಸಬೇಕಲ್ಲ. ಇದನ್ನು ಕಲಿಸುವ ಜಾಗ ಕಾಲೇಜು. ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ಹುಟ್ಟಿದ್ದು ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ. 1930ರಲ್ಲಿ ಅದು ವಿಶಾಖಪಟ್ಟಣದ ವಾಲ್ತೇರಿಗೆ ಹೋಯಿತು. ಆ ಎರಡೂ ಊರುಗಳ ಸುತ್ತ ಇಂದು ಎಂಜಿನಿಯರಿಂಗ್ ಕಾಲೇಜುಗಳ ಸಾಲೇ ಇದೆ, ಅಲ್ಲಿ ಕಲಿತವರು ಬೆಂಗಳೂರಿನ ಕಂಪನಿಗಳ ತಂತ್ರಾಂಶವನ್ನೂ ಬರೆಯುತ್ತಾರೆ. ಬಳಕೆದಾರನ ಫೈಲು ಎಲ್ಲಿ ಬೀಳುತ್ತದೆ, ತಂತ್ರಾಂಶ ತೆಗೆದುಹಾಕಿದಾಗ ಏನು ಉಳಿಯುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಪ್ರಾಜೆಕ್ಟ್ ವೈವಾದಲ್ಲಿ ಕೇಳುವುದಕ್ಕೆ ಹೊಸ ಪಠ್ಯಕ್ರಮವೇನೂ ಬೇಕಿಲ್ಲ.

ತೆಗೆದುಹಾಕುವ ಪ್ರಶ್ನೆ ಮಾತ್ರ ನಿಜಕ್ಕೂ ಜಟಿಲ. ಎಲ್ಲವನ್ನೂ ಅಳಿಸಿದರೆ ಮತ್ತೆ ಅಳವಡಿಸಿಕೊಂಡವನಿಗೆ ಹಳೆಯ ಕೆಲಸ ಸಿಗುವುದಿಲ್ಲ, ಏನನ್ನೂ ಅಳಿಸದಿದ್ದರೆ ಇಂಟರ್ನೆಟ್ ಸೆಂಟರಿನ ಯಂತ್ರದಲ್ಲಿ ಯಾರದೋ ಆಧಾರ್ ಪ್ರತಿ, ಪ್ಯಾನ್ ಸಂಖ್ಯೆ, ಇಮೇಲು ಉಳಿದುಬಿಡುತ್ತವೆ. ಸ್ಟೋರಿನಿಂದ ಹಾಕಿಕೊಂಡ ವಿಂಡೋಸ್ ಆ್ಯಪ್‌ಗಳು ಹೋಗುವಾಗ ತಮ್ಮ ದತ್ತಾಂಶವನ್ನೂ ಕೊಂಡೊಯ್ಯುತ್ತವೆ, ಹಳೆಯ ಮಾದರಿಯವು ಸಾಮಾನ್ಯವಾಗಿ ಬಿಟ್ಟುಹೋಗುತ್ತವೆ, ಯಾವುದು ಹೇಗೆ ಎಂದು ಬಳಕೆದಾರನಿಗೆ ತಿಳಿಯುವುದಿಲ್ಲ. ನನ್ನ ಮಟ್ಟಿಗೆ ಇದಕ್ಕೆ ಒಂದೇ ನ್ಯಾಯವಾದ ದಾರಿ: ತೆಗೆಯುವ ಮುನ್ನ ಅವನ ಭಾಷೆಯಲ್ಲೇ ಕೇಳುವುದು, ಇಷ್ಟು ಫೈಲುಗಳಿವೆ, ಇಂಥ ಕಡೆ ಇವೆ, ಉಳಿಸಲೇ ಅಳಿಸಲೇ ಎಂದು. ಕ್ಯಾಶ್ ಮಾತ್ರ ಕೇಳದೆಯೇ ಹೋಗಲಿ.

ಇದನ್ನೆಲ್ಲ ಕಂಪನಿಗಳ ಒಳ್ಳೆಯತನಕ್ಕೆ ಬಿಟ್ಟು ಕೂರಬೇಕಾಗಿಲ್ಲ. ದೇಶದಲ್ಲಿ ತಂತ್ರಾಂಶ ಕೊಳ್ಳುವ ಅತಿ ದೊಡ್ಡ ಗಿರಾಕಿಗಳಲ್ಲಿ ಸರ್ಕಾರವೂ ಒಂದು. ಆಂಧ್ರದಲ್ಲಿ 2019ರ ಅಕ್ಟೋಬರ್ 2ರಂದು ಆರಂಭವಾದ ಗ್ರಾಮ ಮತ್ತು ವಾರ್ಡ್ ಸಚಿವಾಲಯಗಳು ಸುಮಾರು 15 ಸಾವಿರ ಇವೆ, ನಮ್ಮಲ್ಲಿ ಗ್ರಾಮ ಪಂಚಾಯಿತಿಗಳು, ನಾಡಕಚೇರಿಗಳು, ಗ್ರಾಮ ಒನ್ ಕೇಂದ್ರಗಳಿವೆ. ಇವುಗಳಿಗೆ ತಂತ್ರಾಂಶ ಕೊಳ್ಳುವ ಟೆಂಡರಿನಲ್ಲಿ ಒಂದು ಷರತ್ತು ಸೇರಿಸಲಿ: ಬಳಕೆದಾರನ ದತ್ತಾಂಶ ಯಾವ ಫೋಲ್ಡರಿನಲ್ಲಿದೆ, ಅದನ್ನು ಹೇಗೆ ನಕಲು ಮಾಡಬೇಕು, ಹೊಸ ಯಂತ್ರಕ್ಕೆ ಹೇಗೆ ಒಯ್ಯಬೇಕು, ತಂತ್ರಾಂಶ ತೆಗೆದಾಗ ಏನು ಉಳಿಯುತ್ತದೆ ಎಂಬುದನ್ನು ಒಂದು ಪುಟದಲ್ಲಿ ತೆಲುಗಿನಲ್ಲಿ, ಕನ್ನಡದಲ್ಲಿ ಬರೆದುಕೊಡದವರ ಟೆಂಡರ್ ತಿರಸ್ಕೃತ. ಸರ್ಕಾರಕ್ಕೆಂದು ಬರೆದ ಆ ಪುಟ ಅದೇ ತಂತ್ರಾಂಶ ಕೊಳ್ಳುವ ಅಂಗಡಿಯವನಿಗೂ ಸಿಗುತ್ತದೆ. ಕರ್ನಾಟಕ ಸರ್ಕಾರ ನುಡಿ ತಂತ್ರಾಂಶವನ್ನು ಜನರಿಗೆ ಕೊಟ್ಟದ್ದು, ಅದರ ಫೈಲುಗಳನ್ನು ಮುಂದೆ ಯುನಿಕೋಡಿಗೆ ತರಲು ಪಟ್ಟ ಪಾಡು, ಎರಡೂ ನಮ್ಮ ಮುಂದಿವೆ. ಆ ಅನುಭವವಿರುವ ಸರ್ಕಾರ ಈ ಷರತ್ತನ್ನು ಮೊದಲು ಹಾಕುವುದು ಸಹಜ.

ಅದು ಆಗುವವರೆಗೆ ಓದುಗರಲ್ಲಿ ಒಂದು ವಿನಂತಿ. ಬಿಲ್ಲಿಂಗ್ ಇರಲಿ, ಡಿಟಿಪಿ ಇರಲಿ, ವಿಡಿಯೊ ಸಂಕಲನ ಇರಲಿ, ತಂತ್ರಾಂಶ ಹಾಕಿಕೊಡಲು ಬಂದವರನ್ನು ಹಣ ಕೊಡುವ ಮುನ್ನ ಕೂರಿಸಿಕೊಂಡು, ನನ್ನ ಕೆಲಸ ಯಾವ ಫೋಲ್ಡರಿನಲ್ಲಿ ಉಳಿಯುತ್ತದೆ ಎಂದು ಕೇಳಿ. ಅವರು ತೋರಿಸಿದ ಫೋಲ್ಡರನ್ನು ಅವರೆದುರೇ ಪೆನ್‌ಡ್ರೈವಿಗೆ ನಕಲು ಮಾಡಿ, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆಸಿ ನೋಡಿ. ತೆರೆಯದಿದ್ದರೆ ಆ ತಂತ್ರಾಂಶವನ್ನು ಕೊಳ್ಳಬೇಡಿ.